ಗರಿಕೆ ಬೇಸಾಯ

ಕೇಳುಗರಿಗೆ ನಮಸ್ಕಾರ.

ನಮ್ಮ ತಾತನಿಗೆ ಗರಿಕೆ ಕಂಡರೆ ಆಗುತ್ತಿರಲಿಲ್ಲ. ರಾಗಿ ಹೊಲದಲ್ಲಿ ಒಂದೇ ಒಂದು ಎಳೆ ಕಣ್ಣಿಗೆ ಬಿದ್ದರೂ ಅಲ್ಲೇ ಕುಕ್ಕರಗಾಲಿನಲ್ಲಿ ಕೂತು, ಕುಡುಗೋಲಿನ ತುದಿಯಲ್ಲಿ ಬೇರು ಸಮೇತ ಎತ್ತುತ್ತಿದ್ದರು. ಎತ್ತಿದ್ದನ್ನು ಬದುವಿಗೆ ಎಸೆಯುತ್ತಿರಲಿಲ್ಲ. ಬಂಡೆಯ ಮೇಲೆ ಹರಡಿ ಬಿಸಿಲಿಗೆ ಒಣಗಿಸುತ್ತಿದ್ದರು. ಮಣ್ಣು ಸೋಕಿದರೆ ಮತ್ತೆ ಬದುಕುತ್ತದೆ ಅಂತ. "ಇದು ಸಾಯೋ ಜಾತಿ ಅಲ್ಲ ಕಣಪ್ಪ" ಎನ್ನುತ್ತಿದ್ದರು.

ಅದೇ ಹೊಲದಲ್ಲಿ ನಾವೀಗ ಗರಿಕೆ ಬೆಳೆಯುತ್ತೇವೆ. ಗೊಬ್ಬರ ಹಾಕುತ್ತೇವೆ, ನೀರು ಕೊಡುತ್ತೇವೆ, ಬೆಳಗ್ಗೆ ಎದ್ದು ಕತ್ತರಿಸುತ್ತೇವೆ. ಬೆಳೆದಿದ್ದನ್ನು ತಿನ್ನುವ ಹಾಗಿಲ್ಲ, ಮಂಡಿಗೆ ಹಾಕುವ ಹಾಗಿಲ್ಲ. ಜನ ಬಂದು ಅದರ ಮೇಲೆ ಓಡಾಡಿ, ಒಂದು ಚಿಕ್ಕ ಬಿಳಿ ಚೆಂಡು ಹೊಡೆದು, ದುಡ್ಡು ಕೊಟ್ಟು ಹೋಗುತ್ತಾರೆ. ನಮ್ಮದು ಗಾಲ್ಫ್ ಮೈದಾನ.

ಗಾಲ್ಫ್ ಅಂದ ತಕ್ಷಣ ನಿಮ್ಮ ಕಣ್ಣ ಮುಂದೆ ಮೈಸೂರಿನ ರೇಸ್ ಕೋರ್ಸ್ ಕಡೆಯ ಮೈದಾನ ಬಂದಿರಬಹುದು. ಚಾಮುಂಡಿ ಬೆಟ್ಟದ ಬುಡದಲ್ಲಿ, ದೊಡ್ಡ ಮರಗಳ ನಡುವೆ. ನಮ್ಮದು ಅಂಥದ್ದಲ್ಲ. ಪಾಂಡವಪುರ ತಾಲ್ಲೂಕಿನಲ್ಲಿ, ಕುಂತಿ ಬೆಟ್ಟ ಕಾಣುವ ಒಂದು ಹಳ್ಳಿ. ವಿಶ್ವೇಶ್ವರಯ್ಯ ನಾಲೆ ತಗ್ಗಿನಲ್ಲಿ ಹೋಗುತ್ತದೆ, ನಮ್ಮ ಜಮೀನು ದಿಣ್ಣೆಯ ಮೇಲಿದೆ. ಕೆಳಗಿನವರಿಗೆ ಕಬ್ಬು, ಭತ್ತ. ನಮಗೆ ರಾಗಿ, ಹುರುಳಿ. ಆ 22 ಎಕರೆ ಕೆಂಪು ಮಣ್ಣಿನಲ್ಲಿ ಒಂಬತ್ತು ಹೋಲ್ ಇವೆ. ಹೋಲ್ ಅಂದರೆ ಬರೀ ಗುಳಿ ಅಲ್ಲ, ಮೊದಲ ಹೊಡೆತದ ಜಾಗದಿಂದ ಗುಳಿಯವರೆಗಿನ ಇಡೀ ಅಂಕಣ. ಎಲ್ಲವೂ ಚಿಕ್ಕವು, ಪಾರ್ 3. ಅಂದರೆ ಮೂರು ಹೊಡೆತದಲ್ಲಿ ಚೆಂಡು ಗುಳಿಗೆ ಬೀಳಬೇಕು. ದೊಡ್ಡ ಮೈದಾನಗಳಲ್ಲಿ ಹದಿನೆಂಟು ಹೋಲ್ ಇರುತ್ತವೆ. ಅದಕ್ಕೆ ನೂರು ಎಕರೆಯೂ ಸಾಲದು.

ಇದೆಲ್ಲ ಚಿಕ್ಕಪ್ಪನ ಹುಚ್ಚು. ಬೆಂಗಳೂರಿನಲ್ಲಿ ಗಾಲ್ಫ್ ಮೈದಾನದ ಮಾಲಿಯಾಗಿ ಸೇರಿ, ಸೂಪರ್‌ವೈಸರ್ ಆಗಿ, ವಾಪಸ್ ಬಂದರು. ಬರುವಾಗ ಪಿಂಚಣಿ ಏನೂ ತರಲಿಲ್ಲ, ಒಂದು ಗೋಣಿಚೀಲದಲ್ಲಿ ಹುಲ್ಲು ತಂದರು. ಅಪ್ಪ ಮೂರು ದಿನ ಮಾತು ಬಿಟ್ಟಿದ್ದರು.

ಆ ಹುಲ್ಲಿನ ಕಥೆ ಸ್ವಲ್ಪ ಹೇಳಬೇಕು. ಅದರ ಹೆಸರು ಟಿಫ್‌ಡ್ವಾರ್ಫ್. ನಮ್ಮ ಗರಿಕೆಗೆ ಆಫ್ರಿಕಾದ ಅದರ ದಾಯಾದಿ ಹುಲ್ಲೊಂದು ಕೂಡಿ ಬಂದ ತಳಿಯ ಕುಳ್ಳ ಜಾತಿ. ಅಮೆರಿಕದ ಜಾರ್ಜಿಯಾ ರಾಜ್ಯದ ಟಿಫ್ಟನ್ ಎಂಬ ಊರಿನಲ್ಲಿ ಗ್ಲೆನ್ ಬರ್ಟನ್ ಎಂಬ ವಿಜ್ಞಾನಿ ಇಂಥ ಹುಲ್ಲುಗಳ ಮೇಲೆ ಕೆಲಸ ಮಾಡಿದರು. ಟಿಫ್‌ಡ್ವಾರ್ಫ್ ಹೊರಬಂದದ್ದು 1965ರಲ್ಲಿ. ಅದೇ ಬರ್ಟನ್ ಸಜ್ಜೆಯ ಮೇಲೂ ಕೆಲಸ ಮಾಡಿದವರು. ಅವರ ಸಜ್ಜೆ ತಳಿ ಬಳಸಿಯೇ ನಮ್ಮ ದೇಶದ ಮೊದಲ ಹೈಬ್ರಿಡ್ ಸಜ್ಜೆ ಬಂತು. ಅದೂ 1965ರಲ್ಲೇ. ಈ ವಿಷಯ ಹೇಳಿದ ಮೇಲೆ ಅಪ್ಪನ ಸಿಟ್ಟು ಸ್ವಲ್ಪ ಇಳಿಯಿತು. ಸಜ್ಜೆ ಕೊಟ್ಟವನು ಕೆಟ್ಟವನಿರಲಾರ ಅಂತ.

ಈ ಹುಲ್ಲು ಬೀಜ ಕಟ್ಟುವುದಿಲ್ಲ. ಹೇಸರಗತ್ತೆಗೆ ಮರಿ ಇಲ್ಲವಲ್ಲ, ಹಾಗೆ. ಗೆಣ್ಣು ಇರುವ ಬಳ್ಳಿ ತುಂಡು ಮಾಡಿ ನೆಡಬೇಕು. ಮಂಡ್ಯ ಸೀಮೆಯವರಿಗೆ ಇದನ್ನು ಹೇಳಿಕೊಡಬೇಕಾ? ಕಬ್ಬಿನ ತುಂಡು ನೆಟ್ಟ ಹಾಗೇ ನೆಟ್ಟೆವು, ನೀರು ಬಿಟ್ಟೆವು, ಕೂಡಿಕೊಂಡಿತು.

ಕೂಡಿಕೊಂಡ ಮೇಲೆ ಒಂದು ಅನಾಹುತ ಆಯಿತು. ಕೊನ್ನಾರಿ ಗಡ್ಡೆ ಎದ್ದಿತ್ತು. ಕಳೆ ಕೀಳಲು ಊರಿನ ಹೆಂಗಸರನ್ನು ಕರೆದೆವು. ಹನ್ನೊಂದು ಗಂಟೆಗೆ ಮಜ್ಜಿಗೆ ತಗೊಂಡು ಹೋಗಿ ನೋಡುತ್ತೇನೆ, ಎರಡನೇ ಹೋಲಿನ ಗ್ರೀನ್ ಅರ್ಧ ಬೋಳಾಗಿದೆ! ಕೊನ್ನಾರಿ ಹಾಗೇ ನಿಂತಿದೆ. ಗರಿಕೆ ಗುಡ್ಡೆ ಗುಡ್ಡೆಯಾಗಿ ಬಿಸಿಲಿನಲ್ಲಿ ಒಣಗುತ್ತಿದೆ. ಅವರ ತಪ್ಪೇನು ಹೇಳಿ. ಹುಟ್ಟಿದಾಗಿನಿಂದ ಆ ಕೈಗಳಿಗೆ ಕಳೆ ಅಂದರೆ ಗರಿಕೆ. "ಗರಿಕೆ ಬಿಟ್ಟು ಮಿಕ್ಕಿದ್ದು ಕೀಳ್ರಮ್ಮಾ" ಅಂದಾಗ ಒಬ್ಬಾಕೆ ನನ್ನ ಹಣೆ ಮುಟ್ಟಿ ನೋಡಿದರು, ಜ್ವರ ಇದೆಯಾ ಅಂತ.

ಗ್ರೀನ್ ಅಂದೆನಲ್ಲ. ಚೆಂಡು ಬೀಳುವ ಗುಳಿಯ ಸುತ್ತಲಿನ ನುಣ್ಣನೆ ಜಾಗ ಅದು. ಅಲ್ಲಿ ಹುಲ್ಲು ನಾಲ್ಕು ಮಿಲಿಮೀಟರ್ ಇರಬೇಕು. ಎರಡು ನಾಣ್ಯ ಒಂದರ ಮೇಲೊಂದು ಇಟ್ಟಷ್ಟು. ಸಾದಾ ಮೆಷಿನ್ ಹುಲ್ಲನ್ನು ಬಡಿದು ಹರಿಯುತ್ತದೆ, ತುದಿ ಸಿಗಿದು ಹಳದಿ ಆಗುತ್ತದೆ. ಗ್ರೀನಿಗೆ ಉರುಳೆ ಥರದ ಮೆಷಿನ್ ಬೇಕು, ಅದು ಕತ್ತರಿಯ ಹಾಗೆ ಕತ್ತರಿಸುತ್ತದೆ. ಸಾಣೆ ಸರಿ ಇದೆಯಾ ಎಂದು ತಿಳಿಯಲು ಹಳೇ ಪೇಪರಿನ ಒಂದು ಪಟ್ಟಿ ಬ್ಲೇಡಿನ ನಡುವೆ ಇಟ್ಟು ಉರುಳೆ ತಿರುಗಿಸುತ್ತೇವೆ. ಪೇಪರ್ ಚೊಕ್ಕವಾಗಿ ತುಂಡಾದರೆ ಮೈದಾನಕ್ಕೆ ಇಳಿಯಬಹುದು. ಮಡಚಿಕೊಂಡರೆ ಆ ದಿನದ ಮೊದಲ ಕೆಲಸ ಸಾಣೆ.

ಗುಳಿಯನ್ನೂ ಆಗಾಗ ಬೇರೆ ಜಾಗಕ್ಕೆ ಬದಲಿಸಬೇಕು. ಒಂದೇ ಕಡೆ ಇದ್ದರೆ ಸುತ್ತ ತುಳಿದು ತುಳಿದು ನೆಲ ಗಟ್ಟಿಯಾಗುತ್ತದೆ. ಹೊಸ ಗುಳಿ ತೆಗೆದ ಮಣ್ಣಿನ ಬಿಲ್ಲೆಯನ್ನು ಹುಲ್ಲು ಸಮೇತ ಹಳೇ ಗುಳಿಗೆ ಇಳಿಸಿ ಒತ್ತುತ್ತೇವೆ. ಗುಳಿಯ ಅಗಲ ಪ್ರಪಂಚದಲ್ಲಿ ಎಲ್ಲಿ ಹೋದರೂ ಒಂದೇ, 108 ಮಿಲಿಮೀಟರ್. ಅವ್ವನಿಗೆ ಇದು ಬಹಳ ಇಷ್ಟವಾದ ವಿಷಯ. ಅಷ್ಟೋತ್ತರದ ಲೆಕ್ಕ ಅಲ್ವಾ ಅದು?

ಈಗ ಬೇಸಿಗೆಗೆ ಬರೋಣ. ನಿಜವಾದ ಕೆಲಸ ಇರುವುದು ಅಲ್ಲಿ.

ಟಿವಿಯಲ್ಲಿ ಗಾಲ್ಫ್ ನೋಡಿದವರಿಗೆ ಮೈದಾನ ಅಂದರೆ ಹಸಿರೋ ಹಸಿರು. ಏಪ್ರಿಲ್‌ನಲ್ಲಿ ನಮ್ಮಲ್ಲಿಗೆ ಬಂದವರು ಮೊದಲು ಕೇಳುವುದೇ, "ಏನ್ರೀ, ಎಲ್ಲಾ ಒಣಗಿ ಹೋಗಿದೆ?" ಒಣಗಿದೆ, ಸತ್ತಿಲ್ಲ. ತಾತ ಹೇಳಿದ ಮಾತೇ ಸರಿ. ಗರಿಕೆ ಮೇಲೆ ಕಂದು ಆದರೂ ನೆಲದೊಳಗೆ ಅದರ ಬೇರುಗಡ್ಡಿ ಜೀವ ಹಿಡಿದು ಮಲಗಿರುತ್ತದೆ. ಆದ್ದರಿಂದ ನಾವು ಬೇಸಿಗೆಯಲ್ಲಿ ಫೇರ್‌ವೇಗೆ, ಅಂದರೆ ನಡುವಿನ ಬಯಲಿಗೆ, ಒಂದು ತೊಟ್ಟೂ ನೀರು ಕೊಡುವುದಿಲ್ಲ. ಗ್ರೀನಿಗೆ ಮಾತ್ರ ಕೊಡುತ್ತೇವೆ. ನಾಲ್ಕು ಮಿಲಿಮೀಟರಿಗೆ ಬೋಳಿಸಿದ ಹುಲ್ಲಿನ ಬೇರು ಮೇಲಕ್ಕೇ ಇರುತ್ತದೆ. ಅದಕ್ಕೆ ಅಷ್ಟು ತಾಳಿಕೆ ಇಲ್ಲ.

ಲೆಕ್ಕ ನೋಡಿ. ಬಿಸಿಲುಗಾಲದಲ್ಲಿ ಈ ಹುಲ್ಲು ದಿನಕ್ಕೆ ಹೆಚ್ಚುಕಡಿಮೆ 5 ಮಿಲಿಮೀಟರ್ ನೀರು ಕುಡಿಯುತ್ತದೆ. ಎಕರೆಗೆ 20,000 ಲೀಟರ್ ಆಯಿತು. ನಮ್ಮ ಒಂಬತ್ತೂ ಗ್ರೀನ್ ಸೇರಿ 30 ಗುಂಟೆ. 15,000 ಲೀಟರಿಗೆ ದಿನ ಕಳೆಯುತ್ತದೆ. 22 ಎಕರೆಗೂ ಹಾಯಿಸಲು ಹೊರಟರೆ ದಿನಕ್ಕೆ 4,40,000 ಲೀಟರ್ ಬೇಕು. ಎಲ್ಲಿಂದ ತರೋಣ? ಎರಡು ಬೋರ್‌ವೆಲ್ ಇದ್ದವು, ಒಂದು ಬತ್ತಿದೆ. ಇಳಿಜಾರಿನ ಕೆಳಗೆ ಮಳೆ ನೀರಿನ ಹೊಂಡ ಇದೆ, ಅದೇ ಗಟ್ಟಿ ಆಧಾರ.

ಇನ್ನೊಂದು ತಮಾಷೆ ಕೇಳಿ. ಇಷ್ಟೆಲ್ಲ ಮಣ್ಣಿನ ಜೊತೆ ಒದ್ದಾಡಿದರೂ ಕಾಗದದಲ್ಲಿ ನಾವು ಬೇಸಾಯಗಾರರಲ್ಲ. 1964ರ ಭೂಕಂದಾಯ ಕಾಯ್ದೆಯ 95ನೇ ಕಲಂ ಪ್ರಕಾರ ಈ ಜಮೀನಿಗೆ ಕನ್ವರ್ಷನ್ ಮಾಡಿಸಿದ್ದೇವೆ. ಹಾಗಾಗಿ ರೈತರ ಪಂಪ್‌ಸೆಟ್ಟಿಗೆ ಸಿಗುವ ಪುಕ್ಕಟೆ ಕರೆಂಟ್ ನಮಗಿಲ್ಲ. ಅದು ಸರಿಯೇ ಅನ್ನಿ. ಹುಲ್ಲಿಗೆ ಬಿಡುವ ನೀರಿನ ಬಿಲ್ ನಾವೇ ಕಟ್ಟಬೇಕು.

2023 ನೆನಪಾದರೆ ಈಗಲೂ ಹೊಟ್ಟೆ ಕಿವುಚುತ್ತದೆ. ಆ ವರ್ಷ ಕನ್ನಂಬಾಡಿ ಕಟ್ಟೆ ತುಂಬಲಿಲ್ಲ. 124.80 ಅಡಿ ಕಟ್ಟೆಯ ಪೂರ್ಣ ಮಟ್ಟ, ಇದು ನಮ್ಮ ಕಡೆ ಚಿಕ್ಕ ಮಕ್ಕಳಿಗೂ ಬಾಯಿಪಾಠ. ದಿನಾ ಬೆಳಗ್ಗೆ ಪೇಪರಿನಲ್ಲಿ ಮಟ್ಟ ನೋಡಿ ಮುಖ ಸಪ್ಪಗೆ ಮಾಡಿಕೊಳ್ಳುತ್ತಿದ್ದೆವು. ಸರ್ಕಾರ ಬರ ಘೋಷಿಸಿತು. ಕಾವೇರಿ ನೀರಿಗಾಗಿ ಮಂಡ್ಯದಲ್ಲಿ ರಸ್ತೆ ತಡೆ, ಬಂದ್. ಕೆಳಗಿನ ಗದ್ದೆಯವರು ಕಬ್ಬು ಒಣಗುವುದನ್ನು ನೋಡುತ್ತಾ ನಿಂತಿದ್ದರೆ, ನಾವು ದಿಣ್ಣೆಯ ಮೇಲೆ ಹುಲ್ಲಿಗೆ ಸ್ಪ್ರಿಂಕ್ಲರ್ ತಿರುಗಿಸುವುದು ಹೇಗೆ? ನೀರು ನಮ್ಮದೇ ಹೊಂಡದ್ದು, ನಿಜ. ಆದರೆ ಸ್ಪ್ರಿಂಕ್ಲರ್ ಸದ್ದು ದೂರಕ್ಕೆ ಕೇಳುತ್ತದೆ. ಯಾರೂ ಬಂದು ಏನೂ ಅನ್ನಲಿಲ್ಲ. ಅಂದಿದ್ದರೆ ವಾಸಿಯಿತ್ತು.

ಅಪ್ಪನೇ ತೀರ್ಮಾನ ಮಾಡಿದರು. ಆರು ಗ್ರೀನ್ ಉಳಿಸಿ, ಮೂರು ಬಿಟ್ಟುಬಿಡಿ ಅಂದರು. ಚಿಕ್ಕಪ್ಪನಿಗೆ ಹಳೇ ಪದ್ಧತಿಯೊಂದು ಗೊತ್ತಿತ್ತು. ಮಳೆ ಕಡಿಮೆ ಇರುವ ಸೀಮೆಗಳಲ್ಲಿ ಹಿಂದೆ ಗ್ರೀನ್ ಬದಲು ಬ್ರೌನ್ ಇರುತ್ತಿತ್ತು. ಹುಲ್ಲೇ ಇಲ್ಲ, ಬರೀ ಮರಳು. ಆ ಕಾಲದಲ್ಲಿ ಮರಳು ಹಾರದಿರಲಿ ಎಂದು ಎಣ್ಣೆ ಬೆರೆಸುತ್ತಿದ್ದರು. ನಾವು ಎಣ್ಣೆ ಹಾಕಲಿಲ್ಲ, ಮಣ್ಣು ಕೆಡುತ್ತದೆ. ಸುಮ್ನೆ ಮರಳು ಹಾಸಿ, ಮರದ ಹಲಗೆಯಿಂದ ಎಳೆದು ನಯ ಮಾಡಿದೆವು. ಆಡುವವರಲ್ಲಿ ಕೆಲವರು ಗೊಣಗಿದರು. ಕೆಲವರು ಅದೇ ಚೆನ್ನಾಗಿದೆ ಎಂದು ಫೋಟೋ ತೆಗೆದುಕೊಂಡರು. 2024ರ ಜುಲೈನಲ್ಲಿ ಕಟ್ಟೆ ತುಂಬಿತು. ನಾವು ಎರಡು ಗ್ರೀನಿಗೆ ಮತ್ತೆ ಹುಲ್ಲು ನೆಟ್ಟೆವು. ಆರನೇ ಹೋಲ್ ಈಗಲೂ ಬ್ರೌನ್. ಅದನ್ನು ಹಾಗೇ ಇಟ್ಟಿದ್ದೇವೆ.

ಮಳೆ ನಮಗೆ ನಕ್ಷತ್ರದ ಲೆಕ್ಕ. ಭರಣಿ, ಕೃತ್ತಿಕೆ ಹನಿದರೆ ಮೇ ತಿಂಗಳಲ್ಲಿ ಗ್ರೀನಿಗೆ ತೂತು ಹೊಡೆಯುತ್ತೇವೆ. ಟೊಳ್ಳು ಮೊಳೆ ಇಳಿಸಿ ಬೆರಳುಗಾತ್ರದ ಮಣ್ಣಿನ ತುಂಡು ಕಿತ್ತು, ಆ ತೂತಿಗೆ ಜರಡಿ ಹಿಡಿದ ಮರಳು ತುಂಬುವುದು. ಗಟ್ಟಿಯಾದ ನೆಲಕ್ಕೆ ಉಸಿರು ಬರುತ್ತದೆ. ನೋಡಲು ಸಿಡುಬು ಎದ್ದ ಮುಖದ ಹಾಗೆ ಇರುತ್ತದೆ, ಎರಡು ವಾರ ಆಡುವವರು ಹತ್ತಿರ ಸುಳಿಯುವುದಿಲ್ಲ. ಆದರೆ ಆಗ ಮಾಡದಿದ್ದರೆ ಆರಿದ್ರ ಮಳೆಗೆ ಗ್ರೀನ್ ಮೇಲೆ ನೀರು ನಿಂತು ಪಾಚಿ ಕಟ್ಟುತ್ತದೆ.

ಅದೇ ಮೊದಲ ಮಳೆಗೆ ಮಣ್ಣಿನಿಂದ ದುಂಬಿಗಳೂ ಏಳುತ್ತವೆ. ಮುಸ್ಸಂಜೆ ಬೇವಿನ ಮರಕ್ಕೆ ಮುತ್ತುತ್ತವೆ. ಇವು ಇಟ್ಟ ಮೊಟ್ಟೆಯೇ ಮುಂದೆ ಗೊಣ್ಣೆ ಹುಳು. ಕಬ್ಬಿನವರಿಗೆ ಅದರ ಕಾಟ ಚೆನ್ನಾಗಿ ಗೊತ್ತು. ಹುಲ್ಲಿನ ಬೇರನ್ನೂ ಅದು ಬಿಡುವುದಿಲ್ಲ. ಹಿಂದೆಯೇ ಹುಳು ಹುಡುಕಿಕೊಂಡು ಹಂದಿ ಬರುತ್ತವೆ, ಒಂದೇ ರಾತ್ರಿಯಲ್ಲಿ ಉತ್ತು ಹಾಕುತ್ತವೆ. ಆದ್ದರಿಂದ ಆ ನಾಲ್ಕೈದು ಸಂಜೆ ಮನೆಮಂದಿಯೆಲ್ಲ ಬೇವಿನ ಮರದ ಕೆಳಗೆ. ಕೊಂಬೆ ಅಲ್ಲಾಡಿಸಿ, ಉದುರಿದ ದುಂಬಿಗಳನ್ನು ಸೀಮೆಎಣ್ಣೆ ಬೆರೆಸಿದ ನೀರಿಗೆ ಹಾಕುತ್ತೇವೆ. ಮಳೆ ಹಿಡಿದ ಮೇಲೆ ಮೆಟಾರೈಜಿಯಂ ಎಂಬ ಶಿಲೀಂಧ್ರವನ್ನು ಕೊಟ್ಟಿಗೆ ಗೊಬ್ಬರದಲ್ಲಿ ಬೆರೆಸಿ ಹರಡುತ್ತೇವೆ. ಅದು ಹುಳುವಿಗೆ ರೋಗ ತಗುಲಿಸುತ್ತದೆ.

ನನ್ನ ಕೈಯಿಂದಲೇ ಆದ ತಪ್ಪೂ ಒಂದಿದೆ. ಒಮ್ಮೆ ನಮ್ಮ ಸ್ಪ್ರೇ ಕ್ಯಾನ್ ಕೆಟ್ಟಿತ್ತು. ಪಕ್ಕದ ಕಬ್ಬಿನ ತೋಟದಿಂದ ಒಂದು ಕ್ಯಾನ್ ತಂದೆ. ತೊಳೆಯದೆ ಯೂರಿಯಾ ನೀರು ತುಂಬಿ ನಾಲ್ಕನೇ ಗ್ರೀನಿಗೆ ಹೊಡೆದೆ. ತಳದಲ್ಲಿ ಕಳೆನಾಶಕ ಉಳಿದಿತ್ತು. ಹತ್ತು ದಿನಕ್ಕೆ ಗ್ರೀನ್ ಮೇಲೆ ಪಟ್ಟೆ ಪಟ್ಟೆ, ನಾನು ನಡೆದ ದಾರಿಯೆಲ್ಲ ಹುಲ್ಲು ಬಿಳಿಚಿಕೊಂಡು ಸತ್ತಿತ್ತು. ಸಾಯದ ಜಾತಿಯನ್ನೂ ಸಾಯಿಸಿದ ಕೀರ್ತಿ ನನ್ನದು. ಚಿಕ್ಕಪ್ಪ ಬೈಯಲಿಲ್ಲ. ಒಂದು ಗುದ್ದಲಿ ತಂದು ಕೈಗೆ ಕೊಟ್ಟರು, ಅಷ್ಟೇ.

ಭಾದ್ರಪದದಲ್ಲಿ ಗಣೇಶನ ಹಬ್ಬಕ್ಕೆ ಊರಿನ ಮಕ್ಕಳೆಲ್ಲ ನಮ್ಮ ಗೇಟಿನಲ್ಲಿ. ಗರಿಕೆ ಬೇಕು. ಗ್ರೀನಿನದು ಕೀಳಲು ಬಿಡುವುದಿಲ್ಲ, ಔಷಧಿ ಹೊಡೆದಿರುತ್ತದೆ, ಅಲ್ಲದೆ ಆ ಎತ್ತರಕ್ಕೆ ದೇವರಿಗೆ ಏರಿಸಲು ಎಸಳೂ ಸಿಗುವುದಿಲ್ಲ. ಬೇಲಿ ಪಕ್ಕದ ರಫ್ ಕಡೆ, ಅಂದರೆ ಹುಲ್ಲು ಉದ್ದಕ್ಕೆ ಬಿಟ್ಟ ಅಂಚಿನ ಕಡೆ, ಕಳಿಸುತ್ತೇವೆ, ಅಲ್ಲಿ ನಾಟಿ ಗರಿಕೆ ಮೊಳಕಾಲಿನವರೆಗೆ ಇರುತ್ತದೆ. ಹಬ್ಬ ಮುಗಿದ ಮೇಲೆ ಅಲ್ಲಿಗೆ ಕುರಿ ಮಂದೆ ಹಾಕಿಸುತ್ತೇವೆ. ಬಂಡೂರು ಕುರಿ. ಗಿಡ್ಡ ಕಾಲು, ಪೀಪಾಯಿಯಂಥ ಮೈ. ಗಾಲ್ಫ್ ಹುಟ್ಟಿದ ಸ್ಕಾಟ್ಲೆಂಡಿನಲ್ಲೂ ಮೊದಲು ಹುಲ್ಲು ಕತ್ತರಿಸಿದ್ದು ಕುರಿಗಳೇ. ಡೀಸೆಲ್ ಬೇಡ, ಸಾಣೆ ಬೇಡ, ಮೇಲೆ ಗೊಬ್ಬರ ಬೇರೆ.

ದಸರಾದಲ್ಲಿ ವ್ಯಾಪಾರ ಜಾಸ್ತಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಆದ ಮೇಲೆ ಬೆಂಗಳೂರಿನವರು ಬೇಗ ಬರುತ್ತಾರೆ, ಅಷ್ಟೇ ಬೇಗ ವಾಪಸ್ ಹೋಗುತ್ತಾರೆ. ಮೊದಲು ಅತ್ತಿಗೆಯ ಮುದ್ದೆ, ಸೊಪ್ಪಿನ ಸಾರು ಉಂಡು ಹೋಗುತ್ತಿದ್ದರು. ಈಗ ಕಾಫಿಗೇ ನಿಲ್ಲಿಸಿಬಿಡುತ್ತಾರೆ. ದುಡ್ಡಿನ ವಿಷಯ ಕೇಳಿದರೆ, ಆಟದಿಂದ ಬರುವುದಕ್ಕಿಂತ ಮನೆ ಮುಂದೆ ಹಾಸಲು ಹುಲ್ಲು ಕೊಳ್ಳುವವರಿಂದ ಬರುವುದೇ ಹೆಚ್ಚು.

ಚಳಿಗಾಲ ಸುಲಭ. ಹುಲ್ಲು ನಿಧಾನ ಬೆಳೆಯುತ್ತದೆ. ಬೆಳಗ್ಗೆ ಇಬ್ಬನಿ ಬಿದ್ದಿರುತ್ತದೆ, ಅದು ಕೂತರೆ ಹುಲ್ಲಿಗೆ ನಾಣ್ಯದಗಲ ಬೂಸ್ಟಿನ ಮಚ್ಚೆ ಬೀಳುತ್ತದೆ. ಉದ್ದನೆಯ ಬಿದಿರು ಗಳ ಹಿಡಿದು ಗ್ರೀನ್ ಮೇಲೆ ಆಚೆ ಈಚೆ ಬೀಸಿದರೆ ಇಬ್ಬನಿ ಉದುರುತ್ತದೆ. ಆಮೇಲೆ ಬಂಕರ್, ಅಂದರೆ ಆಟಕ್ಕೆ ಅಡ್ಡಿಯಾಗಲಿ ಎಂದು ಮಾಡಿದ ಮರಳಿನ ಗುಂಡಿ, ಅದರ ಮರಳನ್ನು ಕೆರೆಯುವುದು. ಕೆರೆಯುವ ಮೊದಲು ರಾತ್ರಿ ಯಾರ್‍ಯಾರು ಬಂದಿದ್ದರು ಎಂದು ನೋಡುತ್ತೇನೆ. ಮುಂಗುಸಿ, ಮೊಲ, ನವಿಲು. ಕಬ್ಬು ಕಡಿಯುವ ಕಾಲದಲ್ಲಿ ಒಂದು ಸಲ ಚಿರತೆ ಹೆಜ್ಜೆ. ಎಂಟನೇ ಹೋಲಿನ ಬಂಕರ್‌ನಲ್ಲಿ ನಾಲ್ಕು ಹೆಜ್ಜೆ, ಆಮೇಲೆ ಹುಲ್ಲು. ಮುಂದೆ ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಅವತ್ತು ಆಟ ಬಂದ್.

ಅವ್ವ ಮಾತ್ರ ಇದಕ್ಕೆಲ್ಲ ಇನ್ನೂ ಒಪ್ಪಿಲ್ಲ. ಒಂಬತ್ತನೇ ಹೋಲಿನ ಪಕ್ಕ ಅವರ ಸೊಪ್ಪಿನ ಮಡಿ ಇದೆ. ದಂಟು, ಕೀರೆ, ನಾಲ್ಕು ಸಾಲು ಮೆಣಸಿನ ಗಿಡ. ಫೇರ್‌ವೇ ಗರಿಕೆ ಬೇಲಿ ನುಸುಳಿ ಅಲ್ಲಿಗೆ ಹೋಗುತ್ತದೆ. ಇವತ್ತು ಈ ಸ್ಟುಡಿಯೋಗೆ ಹೊರಡುವಾಗಲೂ ಕುಕ್ಕರಗಾಲಿನಲ್ಲಿ ಕೂತು, ತಾತನ ಹಾಗೆಯೇ, ಬೇರು ಸಮೇತ ಎತ್ತುತ್ತಿದ್ದರು. ನನ್ನನ್ನು ಕಂಡು ಒಂದು ಹಿಡಿ ತೆಗೆದು ಬೇಲಿಯಾಚೆ ಎಸೆದರು.

"ತಗೋ, ನಿಮ್ ಬೆಳೆ ನನ್ ಮಡಿಗೆ ಬಂದ್‌ಬಿಟ್ಟದೆ. ನಿಮ್ದು ನೀವೇ ಇಟ್ಕೊಳಿ."

ನಮಸ್ಕಾರ.