ಅಷ್ಟೊಂದು ಸ್ಟಾರ್ ಹುಡುಗರಿದ್ದೂ ಟೆಕ್ಸಾಸ್ ಸೋತಿದ್ದು ಯಾಕೆ?

[ಪರದೆ ಮೇಲೆ: ನವೆಂಬರ್ 13, 2021. ಆಸ್ಟಿನ್]

ಶನಿವಾರ ರಾತ್ರಿ. ಟೆಕ್ಸಾಸ್ ಯೂನಿವರ್ಸಿಟಿಯ ಸ್ವಂತ ಮೈದಾನ. ಆಟ ಕಾಲ್ಚೆಂಡಲ್ಲ, ಹೆಲ್ಮೆಟ್ ಹಾಕಿಕೊಂಡು ಗುದ್ದಾಡುವ ಅಮೆರಿಕನ್ ಫುಟ್‌ಬಾಲ್. ಪಂದ್ಯ ಓವರ್‌ಟೈಮ್‌ಗೆ ಹೋಗಿದೆ. ಟೆಕ್ಸಾಸ್ 56, ಕ್ಯಾನ್ಸಸ್ 55.

ಕ್ಯಾನ್ಸಸ್ ಈಗಷ್ಟೇ ಟಚ್‌ಡೌನ್ ಮಾಡಿದೆ, ಅಂದರೆ ಬಾಲನ್ನು ಎದುರಾಳಿಯ ಗೆರೆ ದಾಟಿಸಿದೆ. ಸುಮ್ನೆ ಒಂದು ಕಿಕ್ ಹೊಡೆದರೆ ಸ್ಕೋರ್ ಸಮ, ಆಟ ಮುಂದುವರಿಯುತ್ತದೆ. ಆದರೆ ಅವರು ಇನ್ನೊಮ್ಮೆ ಬಾಲ್ ಗೆರೆ ದಾಟಿಸಿ ಸಿಗುವ ಎರಡು ಪಾಯಿಂಟ್‌ಗೇ ಕೈ ಹಾಕಿದರು. ಬಾಲ್ ಎಸೆಯುವವನು, ಅಂದರೆ ಕ್ವಾರ್ಟರ್‌ಬ್ಯಾಕ್, ಜೇಲನ್ ಡೇನಿಯಲ್ಸ್ ಮೇಲೆ ಟೆಕ್ಸಾಸ್ ಹುಡುಗರು ಮುಗಿಬೀಳುತ್ತಿದ್ದಾರೆ. ಅವನು ಹೇಗೋ ಬಾಲ್ ಎಸೆದ. ಜೇರೆಡ್ ಕೇಸಿ ಅನ್ನುವ ಹುಡುಗ ಹಿಡಿದ. 57-56. ಆಟ ಮುಗೀತು.

ಈ ಕೇಸಿ ಒಬ್ಬ ‘ವಾಕ್-ಆನ್’. ಅಂದರೆ ಸ್ಕಾಲರ್‌ಶಿಪ್ ಇಲ್ಲದೆ, ತಾನಾಗೇ ಬಂದು ತಂಡ ಸೇರಿದವನು. ಅವನ ತಂಡವೋ, ಲೀಗ್ ಪಂದ್ಯಗಳಲ್ಲಿ ಎದುರಾಳಿ ಮೈದಾನದಲ್ಲಿ ಸತತ 56 ಸಲ ಸೋತು ಬಂದಿತ್ತು. ಎದುರಿಗೆ ನಿಂತಿದ್ದ ಟೆಕ್ಸಾಸ್ 2018ರಲ್ಲೂ 2019ರಲ್ಲೂ ಹೊಸ ಹುಡುಗರನ್ನು ಸೇರಿಸಿಕೊಂಡಾಗ ಇಡೀ ಅಮೆರಿಕದಲ್ಲಿ 3ನೇ ರ‍್ಯಾಂಕ್. ಆ ಹುಡುಗರು 2021ಕ್ಕೆ ಬಲಿತಿರಬೇಕಿತ್ತು ಅಲ್ವಾ? ಆ ವರ್ಷ ಟೆಕ್ಸಾಸ್ ಗೆದ್ದಿದ್ದು 5, ಸೋತಿದ್ದು 7.

ಆಸ್ಟಿನ್, ಡಲ್ಲಾಸ್ ಕಡೆ ಇರುವ ನಮ್ಮವರಿಗೆ ಗೊತ್ತು, ಶನಿವಾರ ಬಂದರೆ ಊರಿಗೆ ಊರೇ ಕಡು ಕಿತ್ತಳೆ ಬಣ್ಣದ ಟೀ ಶರ್ಟ್ ಹಾಕಿಕೊಳ್ಳುತ್ತದೆ.

[ಪರದೆ ಮೇಲೆ: ಐದು ನಕ್ಷತ್ರಗಳು]

ಹೈಸ್ಕೂಲಿನಲ್ಲಿ ಆಡುವ ಹುಡುಗರಿಗೆ ಕೆಲವು ವೆಬ್‌ಸೈಟ್‌ಗಳು ಸ್ಟಾರ್ ಕೊಡುತ್ತವೆ. ಐದು ಸ್ಟಾರ್ ಅಂದರೆ ಚಿನ್ನ. ಒಂದು ಕಾಲೇಜು ಸೇರಿಸಿಕೊಂಡ ಹುಡುಗರ ಅಂಕಗಳನ್ನು ಲೆಕ್ಕ ಹಾಕಿ ಆ ಕಾಲೇಜಿಗೆ ರ‍್ಯಾಂಕ್. ತೊಡಕಿರುವುದು ಇಲ್ಲೇ. ಯಾರು ಯಾವ ಜಾಗದಲ್ಲಿ ಆಡುತ್ತಾರೆ ಅಂತ ಈ ಲೆಕ್ಕ ಕೇಳುವುದಿಲ್ಲ. ಓಡಿ ಕ್ಯಾಚ್ ಹಿಡಿಯುವ ಆರು ಜನ ಒಳ್ಳೆಯ ಹುಡುಗರು ಬಂದರೂ ರ‍್ಯಾಂಕ್ ಏರುತ್ತದೆ. ಆದರೆ ಅವರಿಗೆ ಬಾಲ್ ಎಸೆಯಬೇಕಾದವನು ಎರಡೂವರೆ ಸೆಕೆಂಡ್ ನಿಂತಿರಬೇಕಲ್ಲ?

ಅವನನ್ನು ನಿಲ್ಲಿಸುವವರು ಮುಂದಿನ ಸಾಲಿನ ಐದು ಜನ, ಆಫೆನ್ಸಿವ್ ಲೈನ್. ಬಾಲ್ ಮುಟ್ಟುವ ಭಾಗ್ಯ ಇಲ್ಲ, ಹೈಲೈಟ್ಸ್‌ನಲ್ಲಿ ಮುಖ ಕಾಣುವುದಿಲ್ಲ. ಇವರ ಕೆಲಸ ಎಷ್ಟು ಸೂಕ್ಷ್ಮ ಅಂತ ಸ್ವಲ್ಪ ನಿಧಾನಕ್ಕೆ ನೋಡೋಣ.

[ಸ್ಲೋ ಮೋಷನ್]

ಎದುರಿನ ಇಬ್ಬರು ನೇರವಾಗಿ ನುಗ್ಗುವ ಹಾಗೆ ಮಾಡಿ, ಅರ್ಧ ದಾರಿಯಲ್ಲಿ ಕತ್ತರಿಯ ಹಾಗೆ ಜಾಗ ಬದಲಾಯಿಸುತ್ತಾರೆ. ಈಗ ನಮ್ಮ ಇಬ್ಬರು ಏನು ಮಾಡಬೇಕು? ತಮ್ಮ ತಮ್ಮ ಆಳಿನ ಹಿಂದೆ ಹೋದರೆ ಒಬ್ಬರಿಗೊಬ್ಬರು ಡಿಕ್ಕಿ, ಮಧ್ಯೆ ಬಾಗಿಲು ಖಾಲಿ. ಇವನ ಆಳನ್ನು ಅವನಿಗೆ, ಅವನ ಆಳನ್ನು ಇವನಿಗೆ ದಾಟಿಸಬೇಕು. ಮಾತಾಡಲು ಟೈಮ್ ಇಲ್ಲ. ಪಕ್ಕದವನ ಭುಜ ತಾಗಿದ ರೀತಿಯಲ್ಲೇ ಗೊತ್ತಾಗಬೇಕು. ಅದಕ್ಕೆ ಅದೇ ಐದು ಜನ, ಅದೇ ಕೋಚ್ ಕೈಯಲ್ಲಿ, ವರ್ಷಗಟ್ಟಲೆ ಜೊತೆಗೆ ಆಡಿರಬೇಕು. ಜೊತೆಗೆ 17 ವರ್ಷದ ಹುಡುಗನ ಮೈ ಇನ್ನೂ ಬೆಳೆಯುತ್ತಿರುತ್ತದೆ. ಓಟಗಾರನ ವೇಗ ಹೈಸ್ಕೂಲಿನಲ್ಲೇ ಕಾಣುತ್ತದೆ, ಲೈನ್‌ಮನ್ ಏನಾಗುತ್ತಾನೆ ಅನ್ನುವುದು ಕಾಣುವುದಿಲ್ಲ.

ಟೆಕ್ಸಾಸ್‌ನಲ್ಲಿ ಇದು ಎಷ್ಟು ಕೆಟ್ಟಿತ್ತು ಗೊತ್ತಾ? 2008ರ ನಂತರ ಅಲ್ಲಿನ ಒಬ್ಬನೇ ಒಬ್ಬ ಆಫೆನ್ಸಿವ್ ಲೈನ್‌ಮನ್ ಎನ್‌ಎಫ್‌ಎಲ್ ಡ್ರಾಫ್ಟ್‌ನಲ್ಲಿ, ಅಂದರೆ ವೃತ್ತಿಪರ ತಂಡಗಳು ಪ್ರತಿ ವರ್ಷ ಕಾಲೇಜು ಹುಡುಗರನ್ನು ಆರಿಸಿಕೊಳ್ಳುವಾಗ, ಆಯ್ಕೆಯಾಗಲು 2018 ಬರಬೇಕಾಯಿತು. 2014ರಲ್ಲಂತೂ ಇಡೀ ತಂಡದಿಂದ ಯಾರೂ ಆಯ್ಕೆಯಾಗಲಿಲ್ಲ. 1937ರ ನಂತರ ಮೊದಲ ಸಲ. 2022ರಲ್ಲಿ ಮತ್ತೆ ಅದೇ ಸೊನ್ನೆ. ಈ ಮಧ್ಯೆ ಕೋಚ್‌ಗಳೂ ನಿಲ್ಲಲಿಲ್ಲ. ಮ್ಯಾಕ್ ಬ್ರೌನ್, ಚಾರ್ಲಿ ಸ್ಟ್ರಾಂಗ್, ಟಾಮ್ ಹರ್ಮನ್, ಸ್ಟೀವ್ ಸಾರ್ಕಿಸಿಯನ್. 2013ರಿಂದ 2021ರೊಳಗೆ ನಾಲ್ಕು ಜನ. ಬಂದವರೆಲ್ಲ ಹೊಸ ಪಾಠ ಶುರು ಮಾಡುತ್ತಾರೆ, ಹುಡುಗರು ಮತ್ತೆ ಅ ಆ ಇ ಈಯಿಂದ ಕಲಿಯಬೇಕು.

ಅದೇ ರಾಜ್ಯದ ಇನ್ನೊಂದು ಯೂನಿವರ್ಸಿಟಿ ಟೆಕ್ಸಾಸ್ ಎ ಆ್ಯಂಡ್ ಎಂ ಕಥೆ ಇನ್ನೂ ಮಜಾ. 2022ರಲ್ಲಿ ಸೇರಿಸಿಕೊಂಡ ಹುಡುಗರಿಂದ ದೇಶಕ್ಕೇ ನಂಬರ್ 1. ಅದೇ ವರ್ಷ ತನ್ನದೇ ಮೈದಾನದಲ್ಲಿ ಅಪಲ್ಯಾಚಿಯನ್ ಸ್ಟೇಟ್ ಅನ್ನುವ ಸಣ್ಣ ತಂಡದ ಎದುರು 17-14ರ ಸೋಲು, ಕೊನೆಗೆ ಅವರದ್ದೂ 5-7. ಆಮೇಲೆ ಆ ಬ್ಯಾಚಿನ ಎಷ್ಟೋ ಹುಡುಗರು ಬೇರೆ ಕಾಲೇಜಿಗೆ ಹಾರಿದರು. ಮೊದಲು ಹಾಗೆ ಹೋದರೆ ಒಂದು ವರ್ಷ ಆಡದೆ ಹೊರಗೆ ಕೂರಬೇಕಿತ್ತು, 2021ರಿಂದ ಕೂರಬೇಕಿಲ್ಲ. ಕೋಚ್ ಜಿಂಬೋ ಫಿಶರ್ ಅವರನ್ನು 2023ರಲ್ಲಿ ಮನೆಗೆ ಕಳಿಸಲು ಕಾಲೇಜು ಒಪ್ಪಿಕೊಂಡ ಹಣ 7.5 ಕೋಟಿ ಡಾಲರ್‌ಗೂ ಜಾಸ್ತಿ. ಕೆಲಸ ಹೋದರೆ ಹೀಗೆ ಹೋಗಬೇಕು.

ಹಾಗಂತ ಸ್ಟಾರ್ ಎಲ್ಲ ಸುಳ್ಳು ಅಂತ ನಾನು ಹೇಳುತ್ತಿಲ್ಲ. ಜಾರ್ಜಿಯಾ ಯೂನಿವರ್ಸಿಟಿ ನೋಡಿ. 2021 ಮತ್ತು 2022ರ ಸೀಸನ್‌ಗಳಲ್ಲಿ ಸತತವಾಗಿ ಚಾಂಪಿಯನ್. ಅವರ ಕ್ವಾರ್ಟರ್‌ಬ್ಯಾಕ್ ಸ್ಟೆಟ್ಸನ್ ಬೆನೆಟ್ ವಾಕ್-ಆನ್ ಆಗಿ ಬಂದವನು. ಅವನ ಮುಂದೆ ನಿಂತ ಸಾಲು ಮಾತ್ರ ಆರಿಸಿ ತಂದದ್ದು.

ಸಾರ್ಕಿಸಿಯನ್‌ಗೆ ಇದು ಅರ್ಥವಾಗಿತ್ತು ಅನಿಸುತ್ತದೆ. 2022ರ ಒಂದೇ ಬ್ಯಾಚಿನಲ್ಲಿ ಏಳು ಲೈನ್‌ಮನ್‌ಗಳನ್ನು ತಂದರು. ಅವರಲ್ಲಿ ಕೆಲ್ವಿನ್ ಬ್ಯಾಂಕ್ಸ್ ಮೊದಲ ವರ್ಷದಿಂದಲೇ ಆಡಿದ. ಫಲಿತಾಂಶ: 2022ರಲ್ಲಿ 8-5, 2023ರಲ್ಲಿ 12-2, 2024ರಲ್ಲಿ 13-3. 2025ರ ಡ್ರಾಫ್ಟ್‌ನಲ್ಲಿ ಬ್ಯಾಂಕ್ಸ್ 9ನೆಯವನಾಗಿ ಆಯ್ಕೆಯಾದ.

ಬ್ಯಾಂಕ್ಸ್ ಜೊತೆ ಆ ಸಾಲಿನ ಇನ್ನೂ ಮೂವರು ಹೊರಟುಹೋದರು. ಐದರಲ್ಲಿ ಉಳಿದವನು ಒಬ್ಬ. ಅದೇ ವರ್ಷ ಕ್ವಾರ್ಟರ್‌ಬ್ಯಾಕ್ ಜಾಗಕ್ಕೆ ಬಂದವನು ಆರ್ಚ್ ಮ್ಯಾನಿಂಗ್, ಹೆಸರಾಂತ ಕ್ವಾರ್ಟರ್‌ಬ್ಯಾಕ್‌ಗಳ ಮನೆತನದ ಐದು ಸ್ಟಾರ್ ಹುಡುಗ. ಸೀಸನ್ ಶುರುವಾಗುವ ಮುಂಚೆ ಪತ್ರಕರ್ತರು ಮತ ಹಾಕಿ ಮಾಡುವ ಎಪಿ ರ‍್ಯಾಂಕ್ ಪಟ್ಟಿಯಲ್ಲಿ ಟೆಕ್ಸಾಸ್ ನಂಬರ್ 1, ಇತಿಹಾಸದಲ್ಲೇ ಮೊದಲ ಸಲ. ಮೊದಲ ಪಂದ್ಯದಲ್ಲೇ ಒಹಾಯೋ ಸ್ಟೇಟ್ ಎದುರು 14-7ರ ಸೋಲು. ಅಕ್ಟೋಬರ್‌ನಲ್ಲಿ ಫ್ಲಾರಿಡಾ ಎದುರು ಮತ್ತೊಂದು. ಚಾಂಪಿಯನ್ ಯಾರು ಅಂತ ತೀರ್ಮಾನಿಸುವ ಪ್ಲೇಆಫ್ ಕೈತಪ್ಪಿತು.

ಆ ಫ್ಲಾರಿಡಾ ಪಂದ್ಯ ಸಿಕ್ಕರೆ ಒಂದು ಹತ್ತು ನಿಮಿಷ ನೋಡಿ. ಬಾಲ್ ಕಡೆ ಕಣ್ಣು ಬೇಡ. ಮ್ಯಾನಿಂಗ್ ಮುಂದೆ ನಿಂತ ಐದು ಜನರ ಕಾಲುಗಳನ್ನು ನೋಡಿ.