ಮಿರ್ಚಿ ಬಿಟ್ಟ ಹುಡುಗ

ಎಲ್ಲರಿಗೂ ನಮಸ್ಕಾರ. ಶುರು ಮಾಡುವ ಮೊದಲು ಎಲ್ಲರೂ ಒಮ್ಮೆ ‘ಬಳ್ಳಾರಿ’ ಅನ್ನಿ. ನಿಧಾನವಾಗಿ. ‘ಬ’ ಅನ್ನುವಾಗ ತುಟಿ ಕೂಡಿತು. ‘ಳ್ಳ’ ಬಂದಾಗ ನಾಲಿಗೆ ತುದಿ ಹಿಂದಕ್ಕೆ ಮಡಚಿ ಅಂಗುಳಕ್ಕೆ ತಾಗಿತು. ‘ರಿ’ ಬಂದಾಗ ಮುಂದೆ ಬಂದು ಸಣ್ಣಗೆ ಬಡಿಯಿತು. ಇಂಗ್ಲಿಷಿನವರಿಗೆ ಆ ಮಡಚುವುದು ಬರಲಿಲ್ಲ, ‘ಬೆಲ್ಲಾರಿ’ ಅಂದರು. 2014ರ ನವೆಂಬರ್ 1ರಿಂದ ಸರ್ಕಾರಿ ಕಾಗದದಲ್ಲೂ ನಾಲಿಗೆ ಮಡಚುತ್ತಿದೆ.

ಈಗ ಕಾಗುಣಿತದ ಪುಸ್ತಕ ನೆನಪು ಮಾಡಿಕೊಳ್ಳಿ. ಕ, ಖ, ಗ ಗಂಟಲ ಹತ್ತಿರ. ಚ, ಛ, ಜ ಅಂಗುಳದಲ್ಲಿ. ಟ, ಠ, ಡ ನಾಲಿಗೆ ಮಡಚಿ. ತ, ಥ, ದ ಹಲ್ಲಿಗೆ. ಪ, ಫ, ಬ ತುಟಿಗೆ. ಒಳಗಿನಿಂದ ಹೊರಗೆ, ಸಾಲಾಗಿ. ಒಂದನೇ ಕ್ಲಾಸಿನಲ್ಲಿ ನಾವು ಬಾಯಿಪಾಠ ಮಾಡಿದ್ದು ಬಾಯಿಯ ನಕ್ಷೆಯನ್ನೇ.

ಅಷ್ಟು ಚೆನ್ನಾಗಿ ಬಾಯಿ ಗೊತ್ತಿರುವ ಜನ ನಾವು, ಅದರೊಳಗೆ ಇಣುಕಿ ನೋಡುವುದೇ ಇಲ್ಲ. ಹೊಟ್ಟೆ ನೋಡೋಕೆ ಸ್ಕ್ಯಾನ್ ಬೇಕು. ಬಾಯಿ ನೋಡೋಕೆ ಕನ್ನಡಿ, ಮೊಬೈಲ್ ಟಾರ್ಚ್ ಸಾಕು. ಇವತ್ತು ಈ ಮಾತನ್ನು ನಾನು ಮತ್ತೆ ಮತ್ತೆ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಹೊರಗೆ ಮಿರ್ಚಿ ಕರಿಯುವ ವಾಸನೆ ಬರ್ತಿದೆ ಅಲ್ವಾ? ಬಾಯಲ್ಲಿ ನೀರೂರಿತು. ಆ ನೀರು ಎಲ್ಲಿಂದ ಬಂತು? ನಾಲಿಗೆ ತುದಿಯಿಂದ ಕೆನ್ನೆಯ ಒಳಗೆ, ಮೇಲಿನ ಎರಡನೇ ದವಡೆ ಹಲ್ಲಿನ ಎದುರು ತಡವಿ. ಸಾಸಿವೆ ಕಾಳಿನಂಥ ಒಂದು ಗುಬುಟು ಸಿಗುತ್ತದೆ. ಅದು ಗಂಟಲ್ಲ, ಹೆದರಬೇಡಿ. ಕಿವಿಯ ಮುಂದಿರುವ ಜೊಲ್ಲುಗ್ರಂಥಿಯ ನಲ್ಲಿ ಅದು. ಮಂಗಬಾವು ಬಂದಾಗ ಊದುವುದು ಆ ಗ್ರಂಥಿಯೇ. 1660ರಲ್ಲಿ ಡೆನ್ಮಾರ್ಕಿನ ನೀಲ್ಸ್ ಸ್ಟೆನ್ಸನ್, ಆಗ ಬರೀ 22 ವರ್ಷದ ವಿದ್ಯಾರ್ಥಿ, ಆಮ್‌ಸ್ಟರ್‌ಡ್ಯಾಮಿನಲ್ಲಿ ಕುರಿಯ ತಲೆ ಕೊಯ್ಯುವಾಗ ಈ ನಾಳ ಕಂಡ. ಇಂದಿಗೂ ಅದಕ್ಕೆ ಅವನ ಹೆಸರೇ.

ಇನ್ನೊಂದು ಜೊತೆ ಗ್ರಂಥಿ ದವಡೆ ಎಲುಬಿನ ಕೆಳಗೆ, ಮತ್ತೊಂದು ಜೊತೆ ನಾಲಿಗೆ ಅಡಿಯಲ್ಲಿ. ತುಟಿ, ಕೆನ್ನೆ, ಅಂಗುಳದಲ್ಲಿ ನೂರಾರು ಸಣ್ಣವು. ಎಲ್ಲ ಸೇರಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್ ಜೊಲ್ಲು. ಜೋಳದ ರೊಟ್ಟಿಯ ತುಣುಕನ್ನು ಪಲ್ಯ ಇಲ್ಲದೆ ಸುಮ್ನೆ ಎರಡು ನಿಮಿಷ ಅಗಿಯಿರಿ, ಸಿಹಿಯಾಗುತ್ತದೆ. ಜೊಲ್ಲಿನಲ್ಲಿರುವ ಅಮೈಲೇಸ್ ಅನ್ನುವ ಕಿಣ್ವ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತಿದೆ. ನಿದ್ದೆಯಲ್ಲಿ ಈ ಜೊಲ್ಲು ತುಂಬಾ ಕಡಿಮೆ. ರಾತ್ರಿ ಹಲ್ಲುಜ್ಜಿ ಅಂತ ನಾವು ಡಾಕ್ಟರುಗಳು ಬಡಕೊಳ್ಳುವುದು ಅದಕ್ಕೇ.

ಮಿರ್ಚಿ ಅಂದೆನಲ್ಲ, ಒಬ್ಬ ಹುಡುಗನ ವಿಷಯ ಹೇಳಲೇಬೇಕು. 19 ವರ್ಷ. ತಾಯಿ ಕರೆದುಕೊಂಡು ಬಂದರು. ಹಲ್ಲುನೋವು ಅಂತಲ್ಲ. “ಡಾಕ್ಟ್ರೇ, ಇವ ಮಿರ್ಚಿ ತಿನ್ನೋದು ಬಿಟ್ಟಾನ್ರಿ” ಅಂದರು. ಬಳ್ಳಾರಿಯಲ್ಲಿ ಹುಟ್ಟಿದ ಹುಡುಗ ಮಂಡಕ್ಕಿ ಒಗ್ಗರಣೆ ಜೊತೆ ಮಿರ್ಚಿ ಬೇಡ ಅಂದರೆ ಯಾವ ತಾಯಿಗೆ ಗಾಬರಿಯಾಗಲ್ಲ? ಖಾರ ತಾಗಿದರೆ ಬಾಯಿ ಉರಿ. ಉಷ್ಣ ಅಂತ ಆರು ತಿಂಗಳು ಮಜ್ಜಿಗೆ ಕುಡಿಸಿದ್ದರು. ಅವನಿಗೆ ಮಾತ್ರ ಬೇರೆ ಸಾರು. ಒಂದು ಕಡೆ ತೋರಿಸಿದರೆ ಬಿ ವಿಟಮಿನ್ ಮಾತ್ರೆ ಕೊಟ್ಟು ಕಳಿಸಿದ್ದರು. ಬಾಯಿ ತೆರೆಸಿಯೇ ನೋಡಿರಲಿಲ್ಲ. ಟಾರ್ಚ್ ಹಾಕೋಕೆ ಎಷ್ಟು ಹೊತ್ತು ಬೇಕು, ಹೇಳಿ?

ನಾನು ಬಾಯಿ ತೆರೆ ಅಂದೆ. ತೆರೆದ. ಇನ್ನೂ ಅಗಲ ಅಂದೆ. “ಇಷ್ಟೇ ಸರ್” ಅಂದ. ಅವನದೇ ಬೆರಳು ಎರಡು ಹಿಡಿಸಿದವು, ಮೂರನೆಯದು ಹೋಗಲಿಲ್ಲ. ಗುಲಾಬಿ ಬಣ್ಣ ಇರಬೇಕಾದ ಕೆನ್ನೆಯ ಒಳಭಾಗ ಸುಣ್ಣ ಬಳಿದ ಹಾಗೆ ಬಿಳಿಚಿತ್ತು. ಒತ್ತಿದರೆ ಹಗ್ಗದಂಥ ಪಟ್ಟಿಗಳು ಕೈಗೆ ಸಿಕ್ಕವು. ಕಿರುನಾಲಿಗೆ ಮುದುಡಿ ಮೊಗ್ಗಿನಷ್ಟಾಗಿತ್ತು. ಜೇಬಿನಲ್ಲಿ ಅಡಿಕೆ ಪುಡಿಯ ಪ್ಯಾಕೆಟ್. ದಿನಕ್ಕೆ ಎಂಟು. ಎಂಟನೇ ಕ್ಲಾಸಿನಿಂದ.

ಇದು ಸಬ್‌ಮ್ಯೂಕಸ್ ಫೈಬ್ರೋಸಿಸ್, ಅಂದರೆ ಬಾಯಿಯ ಒಳಪದರದ ಅಡಿಭಾಗ ನಾರಿನಂತೆ ಗಟ್ಟಿಯಾಗುವ ರೋಗ. ಖಾರ ಉರಿಯುವುದು ಇದರ ಮೊದಲ ಸೂಚನೆಗಳಲ್ಲಿ ಒಂದು. ಬಾಯಿ ಬಿಗಿಯುವುದು ಆಮೇಲೆ. ಕೆಲವರಿಗೆ ಕ್ಯಾನ್ಸರ್‌ಗೂ ತಿರುಗುತ್ತದೆ. “ತಂಬಾಕು ಹಾಕಲ್ಲ ಸರ್, ಬರೀ ಅಡಿಕೆ” ಅಂದ. ಬರೀ ಅಡಿಕೆಯೇ ಸಾಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರಲ್ಲೇ ಅಡಿಕೆಯನ್ನು ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಹಾಕಿದೆ. ಆ ಹುಡುಗ ಆರು ತಿಂಗಳ ಹಿಂದೆ ಕನ್ನಡಿಯಲ್ಲಿ ನೋಡಿದ್ದರೆ ಆ ಬಿಳಿ ಅವನಿಗೇ ಕಾಣುತ್ತಿತ್ತು.

ಸಮಯ ಮುಗೀತು ಅಂತ ಸನ್ನೆ ಮಾಡುತ್ತಿದ್ದಾರೆ. ನಾಲಿಗೆಯ ಮಾತು ಪೂರ್ತಿ ಉಳಿದೇ ಹೋಯಿತು. ಬೇಗ ಹೇಳಿಬಿಡುತ್ತೇನೆ. ತುದಿಗೆ ಸಿಹಿ, ಹಿಂದೆ ಕಹಿ ಅಂತ ಓದಿದ ಪಾಠ ತಪ್ಪು. ರುಚಿಮೊಗ್ಗು ಇರುವ ಕಡೆಯೆಲ್ಲ ಎಲ್ಲ ರುಚಿಯೂ ತಿಳಿಯುತ್ತದೆ. ಖಾರ ರುಚಿಯೇ ಅಲ್ಲ, ಸುಟ್ಟ ನೋವನ್ನು ತಿಳಿಸುವ ನರದ ಕೂಗು. ಅದರ ಗುಟ್ಟು ಬಿಡಿಸಿದ ಡೇವಿಡ್ ಜೂಲಿಯಸ್ ಅವರಿಗೆ 2021ರಲ್ಲಿ ನೊಬೆಲ್ ಬಂತು. ನಾಲಿಗೆ ಹಿಂಭಾಗದಲ್ಲಿ ಸಾಲಾಗಿ ಕಾಣುವ ದಪ್ಪ ಗುಳ್ಳೆಗಳು ಹುಟ್ಟಿನಿಂದ ಬಂದವು, ಚಿಂತೆ ಬೇಡ. ನೋಡಬೇಕಾದ್ದು ನಾಲಿಗೆಯ ಅಂಚು. ಅಲ್ಲಿ ಹುಣ್ಣಾಗಿ ಎರಡು ವಾರದಲ್ಲಿ ಮಾಯದಿದ್ದರೆ ತೋರಿಸಿ.

ಆ ಹುಡುಗ ಪ್ಯಾಕೆಟ್ ಬಿಟ್ಟಿದ್ದಾನೆ. ದಿನಾ ಬೆಳಗ್ಗೆ ಐಸ್‌ಕ್ರೀಂ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟು ಬಾಯಿ ಹಿಗ್ಗಿಸುತ್ತಾನೆ. ಈಗ ಎರಡೂವರೆ ಬೆರಳು. ಖಾರ ಇನ್ನೂ ತಡೆಯಲ್ಲ.

ನಾನು ಬಾಗಿಲ ಹತ್ತಿರ ಟಾರ್ಚ್ ಹಿಡಿದು ನಿಂತಿರುತ್ತೇನೆ. ಒಬ್ಬೊಬ್ಬರೇ ಬನ್ನಿ, ಬಾಯಿ ತೋರಿಸಿ. ಆಮೇಲೆ ಮಿರ್ಚಿಗೆ ಹೋಗಿ.