ಸದ್ದು ಸಮ ಮಾಡಿ ಕೇಳಿ

ರೇಡಿಯೋ ಕೇಳುಗರೆಲ್ಲರಿಗೂ ನಮಸ್ಕಾರ.

ನಾನು ರೆಕಾರ್ಡಿಂಗ್ ಕೆಲಸದವಳು. ಇಪ್ಪತ್ತಾರು ವರ್ಷದಿಂದ ಇದೇ ಬೆಂಗಳೂರಲ್ಲಿ ಕಛೇರಿ, ಭಾವಗೀತೆ, ಒಂದಿಷ್ಟು ನಾಟಕ, ಇವನ್ನೆಲ್ಲ ರೆಕಾರ್ಡ್ ಮಾಡ್ತಾ ಬಂದಿದೀನಿ. ಯಾರ ಮನೆ ಮದುವೆಗೆ ಹೋದ್ರೂ ಊಟಕ್ಕೆ ಕೂತ ತಕ್ಷಣ, ಇನ್ನೂ ಕೋಸಂಬರಿ ಬಡಿಸ್ತಾ ಇರ್ತಾರೆ, ಅಷ್ಟರಲ್ಲೇ ಪಕ್ಕದ ಎಲೆಯವರು ಕೇಳ್ತಾರೆ: ಮೇಡಂ, ಹೆಡ್‌ಫೋನಲ್ಲಿ ಹಾಡು ಕೇಳೋಕೆ ಯಾವ ಫೋನ್ ಒಳ್ಳೇದು? ಇವತ್ತು ಎಲ್ಲರಿಗೂ ಒಟ್ಟಿಗೆ ಉತ್ತರ ಹೇಳ್ಬಿಡ್ತೀನಿ. ಫೋನ್ ಹೆಸರು ಹೇಳಲ್ಲ, ಒಂದೇ ಒಂದು ಮಾತು ಹೇಳ್ತೀನಿ, ಅದನ್ನ ಇಟ್ಕೊಂಡ್ರೆ ಹೆಸರು ನೀವೇ ಹುಡುಕ್ಕೋತೀರ. ಎರಡು ಫೋನ್ ಹೋಲಿಸೋವಾಗ ಸದ್ದು ಸಮ ಮಾಡಿ ಕೇಳಿ. ಅಷ್ಟೇ. ಸದ್ದು ಸಮ ಮಾಡಿ ಕೇಳಿ.

ಯಾಕೆ ಅಂತ ಕೇಳಿ. ನಮ್ಮ ಕಿವಿಗೆ ಒಂದು ಸ್ವಭಾವ ಇದೆ. ಎರಡು ಸದ್ದಲ್ಲಿ ಒಂದು ಒಂಚೂರೇ ಜೋರಾಗಿದ್ರೆ ಅದು ಜೋರು ಅಂತ ನಮಗೆ ಗೊತ್ತಾಗಲ್ಲ, ಅದು ಚೆನ್ನಾಗಿದೆ ಅಂತ ಅನ್ಸುತ್ತೆ. ಬೇಸ್ ತುಂಬ್ಕೊಂಡಿದೆ, ಗಂಟಲು ಬಿಡಿಬಿಡಿಯಾಗಿ ಕೇಳುತ್ತೆ, ಏನೋ ಒಂದು ಜೀವ ಇದೆ ಅನ್ಸುತ್ತೆ. ಇದು ಹೊಸ ವಿಷಯ ಅಲ್ಲ. 1933ರಲ್ಲೇ ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ ಫ್ಲೆಚರ್ ಮತ್ತು ಮನ್ಸನ್ ಅನ್ನೋ ಇಬ್ಬರು ಅಳೆದು ತೋರಿಸಿದಾರೆ, ಸದ್ದು ಮೆಲ್ಲಗಿದ್ದಾಗ ನಮ್ಮ ಕಿವಿಗೆ ಕೆಳಗಿನ ಸ್ವರಗಳು ಸರಿಯಾಗಿ ಮುಟ್ಟಲ್ಲ, ಜೋರು ಮಾಡ್ತಾ ಹೋದ ಹಾಗೆ ಅವು ಮೇಲೆದ್ದು ಬರುತ್ವೆ. ಅಂದ್ರೆ ಹಾಡು ಅದೇ, ಫೋನ್ ಅದೇ, ವಾಲ್ಯೂಮ್ ಒಂದು ಮೆಟ್ಟಲು ಏರಿಸಿದ್ರೆ ಬೇಸ್ ತಾನಾಗೇ ಜಾಸ್ತಿ ಆದ ಹಾಗೆ ಕೇಳುತ್ತೆ. ಈಗ ಎಸ್.ಪಿ. ರೋಡಿಗೋ ಇನ್ನೆಲ್ಲಿಗೋ ಹೋಗ್ತೀರ, ಅಂಗಡಿ ಹುಡುಗ ಒಂದು ಫೋನ್ ಕೊಡ್ತಾನೆ, ಫುಲ್ ವಾಲ್ಯೂಮ್ ಇಟ್ಟು ಕೇಳಿ ಅಂತಾನೆ, ಹೊರಗೆ ಆಟೋ ಹಾರ್ನು, ಒಳಗೆ ಇನ್ನೊಂದು ಸ್ಪೀಕರ್ ಬಡ್ಕೋತಾ ಇರುತ್ತೆ, ಯಾವುದು ಜೋರೋ ಅದನ್ನ ಚೆನ್ನಾಗಿದೆ ಅಂದ್ಕೊಂಡು ದುಡ್ಡು ಕೊಟ್ಟು ಬರ್ತೀರ. ನೀವು ತಗೊಂಡಿದ್ದು ಜೋರನ್ನ, ಚೆನ್ನನ್ನ ಅಲ್ಲ.

ಫೋನ್ ಒಳಗೆ ಏನಾಗುತ್ತೆ ಅಂತ ಎರಡು ಮಾತಲ್ಲಿ ಹೇಳ್ತೀನಿ. ಹಾಡು ಅಲ್ಲಿ ಬರೀ ಅಂಕಿಗಳಾಗಿ ಇರುತ್ತೆ. 1982ರಲ್ಲಿ ಸಿಡಿ ಬಂತಲ್ಲ, ಅದರಲ್ಲಿ ಒಂದು ಸೆಕೆಂಡಿಗೆ 44,100 ಅಳತೆ, ಒಂದೊಂದು ಅಳತೆಗೂ 16 ಬಿಟ್. ಮನುಷ್ಯನ ಕಿವಿ ಚಿಕ್ಕ ವಯಸ್ಸಲ್ಲಿ ಕೇಳೋದು ಹೆಚ್ಚು ಅಂದ್ರೆ 20,000 ಹರ್ಟ್ಜ್, ಅಂದ್ರೆ ಸೆಕೆಂಡಿಗೆ ಅಷ್ಟು ಕಂಪನ, ಅದರ ಎರಡರಷ್ಟು ಮೇಲೆ ಒಂಚೂರು ಇದ್ರೆ ಸಾಕು, ಅದಕ್ಕೇ ಆ ಲೆಕ್ಕ. ಈ ಅಂಕಿಗಳನ್ನ ಕರೆಂಟ್ ಅಲೆಯಾಗಿ ತಿರುಗಿಸೋ ಚಿಪ್‌ಗೆ ಡ್ಯಾಕ್ ಅಂತಾರೆ. ಆ ಅಲೆಗೆ ಕಸುವು ಕೊಟ್ಟು ಹೆಡ್‌ಫೋನ್‌ನ ಅಲ್ಲಾಡಿಸೋದು ಆಂಪ್ಲಿಫೈಯರ್. ಇವೆರಡೇ. ಡ್ಯಾಕ್ ಅನ್ನೋದು ಈಗ ಸಾಧಾರಣ ಫೋನಲ್ಲೂ ಕಿವಿಗೆ ತಪ್ಪು ಗೊತ್ತಾಗದಷ್ಟು ಚೆನ್ನಾಗಿರುತ್ತೆ. ಎಲ್‌ಜಿಯವರು 2016ರಲ್ಲಿ ವಿ20 ಅನ್ನೋ ಫೋನಲ್ಲಿ ಕ್ವಾಡ್ ಡ್ಯಾಕ್ ಅಂತ, ಅಂದ್ರೆ ನಾಲ್ಕು ಡ್ಯಾಕ್ ಒಟ್ಟಿಗೆ, ಹಾಕಿದ್ರು, ಹಾಡು ಕೇಳೋರು ಅದಕ್ಕೆ ಮುಗಿಬಿದ್ರು, 2021ರಲ್ಲಿ ಆ ಕಂಪನಿ ಫೋನ್ ಮಾಡೋದನ್ನೇ ನಿಲ್ಲಿಸ್ತು. ಒಳ್ಳೆ ಫೋನೇ ಅದು. ಆದರೆ ಅದರ ದೊಡ್ಡ ಗುಣ ಇದ್ದಿದ್ದು ಭಾರೀ ಹೆಡ್‌ಫೋನನ್ನೂ ಓಡಿಸೋ ಕಸುವಲ್ಲಿ. ಸ್ಟುಡಿಯೋಲಿ ನಾವು ಹಾಕ್ಕೊಳ್ಳೋ 250 ಓಮ್, 300 ಓಮ್ ಹೆಡ್‌ಫೋನ್‌ಗೆ ಆ ಕಸುವು ಬೇಕು, ಓಮ್ ಅಂದ್ರೆ ಕರೆಂಟಿಗೆ ಅದು ಒಡ್ಡೋ ತಡೆಯ ಅಳತೆ. ನೀವು ಬಸ್ಸಲ್ಲಿ ಹಾಕ್ಕೊಳ್ಳೋ 16 ಓಮ್, 32 ಓಮ್ ಇಯರ್‌ಫೋನ್‌ಗೆ ಬೇಕಿಲ್ಲ.

ಈಗ ನಮ್ಮನೇಲಿ ನಡೆದಿದ್ದನ್ನ ಹೇಳ್ಬೇಕು, ಇದನ್ನ ಹೇಳದೆ ನನಗೆ ಸಮಾಧಾನ ಆಗಲ್ಲ.

ನಮ್ಮಣ್ಣನ ಮಗ ಒಬ್ಬ ಇದಾನೆ, ಮೃದಂಗ ಕಲೀತಾನೆ, ಇಂಜಿನಿಯರಿಂಗ್ ಮುಗಿಸಿ ಕೆಲಸಕ್ಕೂ ಸೇರಿದಾನೆ. ಹೋದ ವರ್ಷ ಮೊದಲನೇ ಸಂಬಳ ಕೂಡಿಸಿ 60,000 ರೂಪಾಯಿ ಕೊಟ್ಟು ಫೋನ್ ತಗೊಂಡು ಭಾನುವಾರ ಬೆಳಗ್ಗೆ ನಮ್ಮನೆಗೆ ಬಂದ. ಬಂದವನೇ, ಅತ್ತೆ ನಿಮ್ಮ ಹಳೇ ಫೋನ್ ಎತ್ತಿಡಿ, ಇದರಲ್ಲಿ ಕೇಳಿ ನೋಡಿ, ಮೃದಂಗ ಎದುರಿಗೇ ಕೂತು ನುಡಿಸಿದ ಹಾಗಿದೆ ಅಂದ. ನನ್ನ ಫೋನ್ ಆರು ವರ್ಷದ್ದು, ತಗೊಂಡಾಗ ಅದಕ್ಕೆ ಕೊಟ್ಟಿದ್ದು 11,000, ಒಂದು ಮೂಲೆ ಗಾಜು ಸೀಳಿದೆ, ಆದರೆ ಇಯರ್‌ಫೋನ್ ಚುಚ್ಚೋ ತೂತು ಇದೆ. ಅವನ ಫೋನಲ್ಲಿ ಆ ತೂತಿಲ್ಲ. 2016ರಲ್ಲಿ ಐಫೋನ್ 7ರಲ್ಲಿ ತೆಗೆದ್ರಲ್ಲ, ಆಮೇಲೆ ಒಬ್ಬೊಬ್ಬರಾಗಿ ಬಹಳಷ್ಟು ಕಂಪನಿಯವರು ದುಬಾರಿ ಫೋನಲ್ಲಿ ತೆಗೆದ್ರು. ಅವನು ಚಾರ್ಜರ್ ತೂತಿಗೆ ಬೆರಳುದ್ದದ ಒಂದು ಡಾಂಗಲ್ ಸಿಕ್ಕಿಸಿ ಅದಕ್ಕೆ ಇಯರ್‌ಫೋನ್ ಹಾಕಿದ್ದ. ನಾನು ಕೇಳಿದೆ. ಹೌದು, ಚೆನ್ನಾಗೇ ಕೇಳ್ತು. ನನ್ನದರಲ್ಲಿ ಅದೇ ಇಯರ್‌ಫೋನ್ ಹಾಕಿ ಕೇಳಿದೆ, ಅದು ಸಪ್ಪೆ ಅನ್ನಿಸ್ತು. ಅವನ ಮುಖ ನೋಡ್ಬೇಕಿತ್ತು, ಅಷ್ಟು ಖುಷಿ.

ನಾನು ಲೋ ಪುಟ್ಟ, ತಡಿ ಅಂದು ಒಳಗಿಂದ ವೋಲ್ಟ್ ಅಳೆಯೋ ಮಲ್ಟಿಮೀಟರ್ ತಂದೆ. ಒಂದು ಸ್ಪ್ಲಿಟರ್ ಹಾಕಿ ಒಂದು ಕಡೆ ಇಯರ್‌ಫೋನ್, ಇನ್ನೊಂದು ಕಡೆ ಮೀಟರ್ ಸೇರಿಸಿದೆ. ಎರಡೂ ಫೋನಲ್ಲಿ ವಾಲ್ಯೂಮ್ ಗೆರೆ ಅರ್ಧಕ್ಕೆ ಇಟ್ಟು, 100 ಹರ್ಟ್ಜ್ ಒಂದೇ ಸ್ವರದ ಫೈಲ್ ಹಾಕಿದೆ. ನನ್ನದು 210 ಮಿಲಿವೋಲ್ಟ್ ತೋರಿಸ್ತು, ಅವನದು 260. ಲೆಕ್ಕ ಹಾಕಿದ್ರೆ ಎರಡು ಡೆಸಿಬಲ್‌ಗೂ ಕಮ್ಮಿ ವ್ಯತ್ಯಾಸ. ಜೋರು ಅಂತ ಸುಲಭಕ್ಕೆ ಗೊತ್ತಾಗಲ್ಲ ಅಷ್ಟು. ಚೆನ್ನಾಗಿದೆ ಅಂತ ಮಾತ್ರ ತಕ್ಷಣ ಅನ್ಸುತ್ತೆ. ಆಮೇಲೆ ಅವನ ಫೋನಿನ ಪ್ಲೇಯರ್ ಒಳಗೆ ಪ್ರೀಆಂಪ್ ಅಂತ ಒಂದು ಗೆರೆ ಇತ್ತು, ಅದನ್ನ ಇಳಿಸ್ತಾ ಇಳಿಸ್ತಾ 212ಕ್ಕೆ ತಂದೆ, ಯಾಕೆ ಅಂದ್ರೆ ಫೋನಿನ ವಾಲ್ಯೂಮ್ ಬಟನ್ ಒಂದೊಂದು ಸಲಕ್ಕೂ ದೊಡ್ಡ ಹೆಜ್ಜೆ ಹಾಕುತ್ತೆ, ಅದರಲ್ಲಿ ಸಮ ಮಾಡೋಕೆ ಆಗಲ್ಲ.

ಈಗ ಬೆನ್ನು ತಿರುಗಿಸಿ ಕೂತ್ಕೊ ಅಂದೆ. ನಾನೇ ರೆಕಾರ್ಡ್ ಮಾಡಿದ್ದ ಒಂದು ತನಿ ಆವರ್ತನ, ಕಛೇರೀಲಿ ಮೃದಂಗದವರು ಒಬ್ಬರೇ ನುಡಿಸೋ ಭಾಗ, ಅದನ್ನ ಎರಡೂ ಫೋನಿಗೆ ಹಾಕಿ, ಇಯರ್‌ಫೋನ್ ಪಿನ್ ಒಂದು ಸಲ ಇದಕ್ಕೆ ಒಂದು ಸಲ ಅದಕ್ಕೆ, ಕೆಲವು ಸಲ ತೆಗೆದು ಅದಕ್ಕೇ ವಾಪಸ್, ಹೀಗೆ ಇಪ್ಪತ್ತು ಸಲ ಬದಲಾಯಿಸಿದೆ. ಪ್ರತಿ ಸಲ ಅವನು ಹೊಸದು, ಹಳೇದು ಅಂತ ಹೇಳ್ಬೇಕು. ಮೊದಲ ಐದು ಸಲ ಟಪ್ ಟಪ್ ಅಂತ ಹೇಳ್ದ. ಆಮೇಲೆ ನಿಧಾನ ಆದ. ಹನ್ನೆರಡನೇದಕ್ಕೆ ಕಣ್ಣು ಮುಚ್ಕೊಂಡ. ನಮ್ಮ ಅತ್ತಿಗೆ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡ್ತಾ ಇದ್ರು, ಒಗ್ಗರಣೆ ಸೀದು ಹೋಯ್ತು. ಇಪ್ಪತ್ತರಲ್ಲಿ ಸರಿ ಹೇಳಿದ್ದು ಹನ್ನೊಂದು. ನಾಣ್ಯ ಚಿಮ್ಮಿದ್ರೂ ಹತ್ತು ಬರ್ತಿತ್ತು. ಆ ಹುಡುಗನ ಕಿವಿ ಕಮ್ಮಿ ಅಲ್ಲ, ಮೃದಂಗದ ಶ್ರುತಿ ಕೂದಲೆಳೆ ಇಳಿದ್ರೂ ಹಿಡೀತಾನೆ. ಸದ್ದು ಸಮ ಆದಾಗ ಅಲ್ಲಿ ಹಿಡಿಯೋಕೆ ಏನೂ ಇರ್ಲಿಲ್ಲ ಅಷ್ಟೇ.

ಇನ್ನೊಂದು ಹೇಳ್ದೆ ಅವನಿಗೆ. ನೀನು ಹೊಗಳ್ತಾ ಇದ್ದಿದ್ದು 60,000ದ ಫೋನನ್ನಲ್ಲ ಕಣೋ, ಈ ಡಾಂಗಲನ್ನ. ಅದರ ಒಳಗೇ ಡ್ಯಾಕ್, ಆಂಪ್ಲಿಫೈಯರ್ ಎರಡೂ ಇದೆ, ಫೋನ್ ಬರೀ ಅಂಕಿ ಕಳಿಸ್ತಾ ಇದೆ. ಅದನ್ನ ತಂದು ನನ್ನ ಫೋನಿಗೆ ಹಾಕಿದ್ರೆ ನನ್ನ ಫೋನೂ ಅದೇ ಸದ್ದು. ಅವನು ಆ ಡಾಂಗಲ್ ತಿರುಗಿಸಿ ತಿರುಗಿಸಿ ನೋಡ್ದ.

ಕತೆ ಇಲ್ಲಿಗೇ ಮುಗೀಲಿಲ್ಲ. ಅವನು ಪೆಚ್ಚಾಗಿ ಕೂತಿದ್ದ, ನನಗೂ ಪಾಪ ಅನ್ನಿಸ್ತು. ಇಯರ್‌ಫೋನ್ ತಗೊಂಡು ನೋಡ್ದೆ, ತುದೀಲಿ ರಬ್ಬರ್ ಟೋಪಿ ಇರುತ್ತಲ್ಲ, ಡಬ್ಬಿಯಿಂದ ತೆಗೆದಾಗ ಯಾವ ಸೈಜ್ ಇತ್ತೋ ಅದೇ ಇತ್ತು. ಡಬ್ಬೀಲಿ ಇನ್ನೆರಡು ಸೈಜ್ ಕೊಟ್ಟಿರ್ತಾರೆ, ಅದು ಪ್ಲಾಸ್ಟಿಕ್ ಕವರ್ ಕೂಡ ಬಿಚ್ಚದೆ ಹಾಗೇ ಬಿದ್ದಿತ್ತು. ದೊಡ್ಡದು ಹಾಕಿ, ಕಿವಿಯನ್ನ ಮೇಲಕ್ಕೂ ಹಿಂದಕ್ಕೂ ಒಂಚೂರು ಎಳೆದು ತೂರಿಸ್ಕೊ ಅಂದೆ. ಅದೇ ತನಿ ಹಾಕಿದೆ. ಹುಡುಗ ಬಾಯಿ ತೆರೆದ. ಎಡಗೈ ಗುಮ್ಕಿ ಅಲ್ಲಿವರೆಗೂ ಅವನಿಗೆ ಪೂರ್ತಿ ಕೇಳೇ ಇರ್ಲಿಲ್ಲ, ಎಡಮುಚ್ಚಿಗೆಗೆ ರವೆ ಮೆತ್ತಿದಾಗ ಬರುತ್ತಲ್ಲ ಆ ಗುಂ ಅನ್ನೋದು, ರಬ್ಬರ್ ಸರಿಯಾಗಿ ಕೂರದೆ ಸಂದಿ ಬಿಟ್ಟಿದ್ರಿಂದ ಎಲ್ಲ ಹೊರಗೆ ಸೋರಿ ಹೋಗ್ತಿತ್ತು. ಅತ್ತೆ, ಈಗ ವಾಲ್ಯೂಮ್ ಕಮ್ಮಿ ಮಾಡ್ಲಾ ಅಂತ ಅವನೇ ಕೇಳ್ದ. ಇಷ್ಟು ದಿನ ಆ ಬೇಸ್ ಹುಡುಕ್ಕೊಂಡೇ ವಾಲ್ಯೂಮ್ ಏರಿಸ್ತಾ ಇದ್ದ, ಅವನಿಗೇ ಗೊತ್ತಿರ್ಲಿಲ್ಲ.

ದಯವಿಟ್ಟು ಇವತ್ತು ರಾತ್ರಿ ಮನೇಲಿ ಆ ಡಬ್ಬಿ ಹುಡುಕಿ. ಮೂರೂ ಸೈಜ್ ಹಾಕಿ ನೋಡಿ. ಎಡಗಿವಿಗೊಂದು ಬಲಗಿವಿಗೊಂದು ಸೈಜ್ ಬೇಕಾದ್ರೂ ಬೇಕಾಗುತ್ತೆ, ಅದರಲ್ಲಿ ತಪ್ಪೇನಿಲ್ಲ.

ಇಲ್ಲಿ ರೇಡಿಯೋ ಸ್ಟುಡಿಯೋದ ಇಂಜಿನಿಯರ್ ಕೈ ತೋರಿಸ್ತಾ ಇದಾರೆ, ಟೈಮ್ ಕಮ್ಮಿ ಇದೆ, ಉಳಿದಿದ್ದನ್ನ ಬೇಗ ಬೇಗ ಹೇಳ್ತೀನಿ.

ಬ್ಲೂಟೂತ್. ಇದರಲ್ಲಿ ಫೋನಿನ ಡ್ಯಾಕ್‌ಗೆ ಕೆಲಸವೇ ಇಲ್ಲ, ಡ್ಯಾಕು ಆಂಪು ಎಲ್ಲ ನಿಮ್ಮ ಕಿವೀಲಿರೋ ಬಡ್ಸ್ ಒಳಗೇ ಇರುತ್ತೆ. ಫೋನ್ ಮಾಡೋದು ಹಾಡನ್ನ ಒತ್ತಿ ಸಣ್ಣದು ಮಾಡಿ ಗಾಳೀಲಿ ಕಳಿಸೋದು ಮಾತ್ರ. ಎಸ್‌ಬಿಸಿ, ಎಎಸಿ, ಎಲ್‌ಡ್ಯಾಕ್ ಅಂತೆಲ್ಲ ಇರೋದು ಆ ಒತ್ತೋ ರೀತಿಗಳು. ಎಲ್‌ಡ್ಯಾಕ್ ಸೆಕೆಂಡಿಗೆ 990 ಕಿಲೋಬಿಟ್‌ವರೆಗೂ ಕಳಿಸುತ್ತೆ, ಆದರೆ ಫೋನು ಬಡ್ಸು ಎರಡರಲ್ಲೂ ಇದ್ರೆ ಮಾತ್ರ. ಹಾಗಾಗಿ ಬ್ಲೂಟೂತಲ್ಲೇ ಕೇಳೋರು ಫೋನಿಗೆ ದುಡ್ಡು ಸುರಿಬೇಡಿ, ಬಡ್ಸ್‌ಗೆ ಹಾಕಿ.

ಹಾಡಿನ ಆಪ್ ಒಳಗೆ ಹೋಗಿ ಡೇಟಾ ಉಳಿಸೋ ಸೆಟ್ಟಿಂಗ್ ಆನ್ ಇದ್ರೆ ಆಫ್ ಮಾಡಿ, ಆಡಿಯೋ ಕ್ವಾಲಿಟಿ ಅನ್ನೋದನ್ನ ಮೇಲಿನದಕ್ಕೆ ಇಡಿ. ಕಾಸು ಖರ್ಚಿಲ್ಲ, ಅರ್ಧ ನಿಮಿಷದ ಕೆಲಸ, ಆದರೂ ಜನ ಮಾಡಲ್ಲ, ನನಗೆ ಇದು ಅರ್ಥವೇ ಆಗಲ್ಲ.

ಡಾಲ್ಬಿ, ಸರೌಂಡ್, ಬೇಸ್ ಬೂಸ್ಟ್ ಇತ್ಯಾದಿ ಬಟನ್. ಬಹಳಷ್ಟು ಫೋನಲ್ಲಿ ಆನ್ ಮಾಡಿದ ತಕ್ಷಣ ಸದ್ದೂ ಏರುತ್ತೆ, ಅದಕ್ಕೇ ಆಹಾ ಅನ್ಸೋದು. ಆನ್ ಮಾಡಿ ವಾಲ್ಯೂಮ್ ಒಂಚೂರು ಇಳಿಸಿ, ಆಫ್ ಇದ್ದಾಗಿನ ಸದ್ದಿಗೆ ಸಮ ತಂದು ಆಮೇಲೆ ಹೇಳಿ, ಆಹಾ ಉಳಿದಿದೆಯಾ ಅಂತ. ಮೀಟರ್ ಇಲ್ಲ ಅಂತ ಹೆದರ್ಬೇಡಿ. ಹಾಡೋರ ಗಂಟಲು ಎರಡು ಸಲವೂ ನಿಮ್ಮಿಂದ ಒಂದೇ ದೂರದಲ್ಲಿ ಕೂತ ಹಾಗೆ ಕೇಳ್ಬೇಕು, ಅಲ್ಲಿಗೆ ಸಮ ಆಯ್ತು ಅಂತ. ಬದಲಾಯಿಸೋ ಕೆಲಸ ಮನೇಲಿ ಬೇರೆ ಯಾರ ಕೈಗಾದ್ರೂ ಕೊಡಿ, ನೀವು ಬೆನ್ನು ತಿರುಗಿಸಿ ಕೂತ್ಕೊಳ್ಳಿ.

ಇನ್ನು ಮೆಟ್ರೋ. ನಾನು ದಿನಾ ನೇರಳೆ ಲೈನಲ್ಲಿ ಓಡಾಡ್ತೀನಿ. ಎಂ.ಜಿ. ರೋಡ್ ಬಿಟ್ಟು ರೈಲು ಕಬ್ಬನ್ ಪಾರ್ಕ್ ಕಡೆಗೆ ನೆಲದೊಳಗೆ ಇಳೀತಲ್ಲ, ಆಗ ಗಾಳಿ ಸದ್ದು ಗೋ ಅಂತ ಏರುತ್ತೆ, ಬೋಗೀಲಿರೋ ಮಕ್ಕಳ ಹೆಬ್ಬೆರಳೆಲ್ಲ ಒಟ್ಟಿಗೆ ವಾಲ್ಯೂಮ್ ಬಟನ್ ಮೇಲೆ ಹೋಗುತ್ತೆ. ಮೆಜೆಸ್ಟಿಕ್ ದಾಟಿ ರೈಲು ಮತ್ತೆ ಮೇಲಕ್ಕೆ ಬಂದ್ರೂ ಯಾರೂ ಇಳಿಸಲ್ಲ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳೋ ಲೆಕ್ಕ ವಾರಕ್ಕೆ 80 ಡೆಸಿಬಲ್‌ನಲ್ಲಿ 40 ಗಂಟೆ. 90 ಡೆಸಿಬಲ್ ಆದ್ರೆ ವಾರಕ್ಕೆ ನಾಲ್ಕೇ ಗಂಟೆ. ಕಿವಿ ಒಳಗಿನ ಆ ಸೂಕ್ಷ್ಮ ರೋಮದ ಕೋಶಗಳು ಒಂದು ಸಲ ಸತ್ರೆ ಮತ್ತೆ ಹುಟ್ಟಲ್ಲ ಮಕ್ಕಳೇ, ಯಾವ ಫೋನ್ ತಗೊಂಡ್ರೂ ಹುಟ್ಟಲ್ಲ. ಹೊರಗಿನ ಸದ್ದು ತಡೆಯೋ ಇಯರ್‌ಫೋನ್ ಹಾಕ್ಕೊಳ್ಳಿ, ಸರಿಯಾದ ರಬ್ಬರ್ ಹಾಕ್ಕೊಳ್ಳಿ, ವಾಲ್ಯೂಮ್ ಏರಿಸೋ ಅಗತ್ಯವೇ ಬರಲ್ಲ.

ಡಾಂಗಲ್ ತಗೊಳ್ಳೋರಿಗೆ ಒಂದು ಮಾತು, ಒಳಗೆ ಡ್ಯಾಕ್ ಇದೆಯಾ ಅಂತ ಅಂಗಡೀಲಿ ಕೇಳಿ ತಗೊಳ್ಳಿ, ಕೆಲವು ಬರೀ ವೈರ್ ಇರುತ್ತೆ, ಅವು ಬಹಳ ಫೋನಲ್ಲಿ ಮಾತೇ ಆಡಲ್ಲ.

ನಮ್ಮಣ್ಣನ ಮಗ ಆ ಫೋನ್ ಇಟ್ಕೊಂಡಿದಾನೆ, ಕ್ಯಾಮೆರಾ ಚೆನ್ನಾಗಿದೆ ಅಂತೆ. ಹೋದ ವಾರ ಅವನ ಮೃದಂಗದ ಕ್ಲಾಸಿನ ಇನ್ನಿಬ್ಬರು ಹುಡುಗರನ್ನ ಕರ್ಕೊಂಡು ಬಂದಿದ್ದ, ಅತ್ತೆ ಆ ಮೀಟರ್ ಒಂಚೂರು ಕೊಡಿ ಅಂತ.

ಈ ಮಾತನ್ನ ಫೋನಿನ ಎಫ್‌ಎಂ ರೇಡಿಯೋದಲ್ಲಿ, ವೈರ್ ಇಯರ್‌ಫೋನ್ ಹಾಕ್ಕೊಂಡು ಕೇಳ್ತಾ ಇರೋರು ಒಂದು ಗಮನಿಸಿ, ಆ ವೈರೇ ನಿಮ್ಮ ಫೋನಿಗೆ ಆಂಟೆನಾ. ಸುತ್ತಿ ಜೇಬಲ್ಲಿ ಇಟ್ಕೊಂಡಿದ್ರೆ ಬಿಚ್ಚಿ ನೇರಕ್ಕೆ ಬಿಡಿ, ಗೊರಗೊರ ಕಮ್ಮಿ ಆಗುತ್ತೆ. ನನ್ನ ಮಾತಾದ್ಮೇಲೆ ವೀಣೆ ಇದೆ.

ನಮಸ್ಕಾರ.